ಸೂರಪ್ಪನಾಯಕನ ಸಣ್ಣ ಬಂದೂಕು

ಕರಿಬಂಡೆ ದುರ್ಗದ ಬೀದಿಗಳಲ್ಲಿ ಡಂಗುರ ಸಾರಿದರು: ಅರಮನೆಯ ಮಗಳು ಸಿರಿಯಮ್ಮ ಕೇಳುವ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ.

ತಲೆಯ ಮಾತು ಸಿರಿಯಮ್ಮನದಲ್ಲ. ಕೆಲಸವಿಲ್ಲದವರೆಲ್ಲ ಬಂದು ನಿಲ್ಲಬಾರದೆಂದು ಚಿಕ್ಕಪ್ಪ ಕಾಟಪ್ಪನಾಯಕ ಸೇರಿಸಿದ್ದ. ಅಪ್ಪ ತೀರಿಕೊಂಡ ಮೇಲೆ ಅವಳನ್ನೂ ಅಣ್ಣ ಸೂರಪ್ಪನಾಯಕನನ್ನೂ ಸಾಕಿದವನು ಅವನೇ. ಅವಳು ಒಪ್ಪಿದಳು.

ಆ ಅಣ್ಣ ಈಗ ಇರಲಿಲ್ಲ. ತನ್ನ ಸಣ್ಣ ನಳಿಗೆಯ ಬಂದೂಕಿನಿಂದ ಕಾಡುಹಂದಿಯ ಕಣ್ಣಿಗೇ ಹೊಡೆಯುತ್ತಿದ್ದವನು, ಒಂದು ಬೇಟೆಯಲ್ಲಿ ಎದುರಿಗೇ ಬಂದ ಹಂದಿಗೆ ಗುರಿ ತಪ್ಪಿ ಸತ್ತಿದ್ದ. ಹಣೆಬರಹ ಎಂದರು ಎಲ್ಲರೂ. ಸಿರಿಯಮ್ಮ ನಂಬಲಿಲ್ಲ. ಆಯುಧಶಾಲೆಯವರು ಬಾಯಿ ಬಿಡಲಿಲ್ಲ. ಬಂದೂಕು ಬಲ್ಲ ಹೊರಗಿನವರು ಯಾರಾದರೂ ಬರಲಿ ಎಂದೇ ಅವಳು ಒಗಟು ಹೂಡಿದ್ದಳು.

ಅವಳ ಮೊದಲ ಒಗಟು: "ಸಲೀಸಾಗಿ ಮನೆಯೊಳಗೆ ಹೋಗುತ್ತಾನೆ, ಹೊರಗೆ ಬಂದರೆ ದಾರಿ ತಪ್ಪುತ್ತಾನೆ. ಯಾರು?"

ನೆರೆಯ ಪಾಳೆಯಗಾರನ ಮಗ ಕುಡುಕನೆಂದು ಹೇಳಿ, ತಲೆ ಹೋಗುವ ದಿನ ಕಾಯುತ್ತ ಸೆರೆಮನೆ ಸೇರಿದ. ಕುದುರೆಪಡೆಯ ದಳವಾಯಿ ಬಂದೂಕಿನ ಗುಂಡೆಂದು ಸರಿಯಾಗಿಯೇ ಹೇಳಿದ. ಅವಳು ಎರಡನೆಯದನ್ನು ಕೇಳಿದಳು.

"ಬರಿಮೈಯಲ್ಲಿ ಹೋದರೆ ಮಾನ ಹೋಗುತ್ತದೆ, ದಪ್ಪ ಬಟ್ಟೆ ಉಟ್ಟರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾನೆ. ಯಾರು?"

ಮದುಮಗ ಎಂದ ದಳವಾಯಿ. ಅವನನ್ನೂ ಕರೆದೊಯ್ದರು. ಆಮೇಲೆ ಯಾರೂ ಬರಲಿಲ್ಲ.

ಕೊನೆಗೆ ಈರಬೊಮ್ಮನೆಂಬ ನೇಕಾರರ ಹುಡುಗ ಬಂದ. ಬಂದೂಕಿನ ಗುಂಡಿಗೆ ಸುತ್ತುವ ಬಟ್ಟೆ ಹೊಂದಿಸಲು ಸೂರಪ್ಪನಾಯಕ ಅವನ ಮಗ್ಗದ ಪಕ್ಕ ಗಂಟೆಗಟ್ಟಲೆ ಕೂರುತ್ತಿದ್ದ. ಅವನು ದೊರೆಮಗನೆಂಬುದೇ ಇಬ್ಬರಿಗೂ ಮರೆತುಹೋಗುತ್ತಿತ್ತು.

"ಎರಡಕ್ಕೂ ಗುಂಡೇ ಉತ್ತರ, ಅಮ್ಮಣ್ಣಿ," ಎಂದ ಅವನು. "ನಳಿಗೆಗಿಂತ ಗುಂಡು ಒಂಚೂರು ಸಣ್ಣದಿರಬೇಕು. ಆ ಸಂದನ್ನು ಬಟ್ಟೆ ತುಂಬಬೇಕು. ಬಟ್ಟೆ ದಪ್ಪವಾದರೆ ಗಜದ ಕೋಲು ಹಾಕಿ ತಳ್ಳಿದರೂ ಗುಂಡು ಇಳಿಯದು. ತೆಳುವಾದರೆ ಗುಂಡು ಸಡಿಲವಾಗಿ ಎತ್ತಲೋ ಹೋಗುತ್ತದೆ. ನಳಿಗೆ ಸಣ್ಣದಾದಷ್ಟೂ ಕೂದಲೆಳೆಯ ವ್ಯತ್ಯಾಸವೂ ದೊಡ್ಡದು."

ಸಿರಿಯಮ್ಮ ಪೀಠದ ಅಂಚಿಗೆ ಸರಿದು ಕೂತಳು. "ಒಡೆಯನ ಜೊತೆ ಹೊರಟು, ಹೊಸ್ತಿಲಾಚೆ ಬಿದ್ದು, ಒಳಗೆ ನಡೆದದ್ದನ್ನೆಲ್ಲ ಹೇಳುವ ಆಳು ಯಾರು?"

"ಆ ಬಟ್ಟೆಯೇ. ಗುಂಡು ಹಾರಿದ ಮೇಲೆ ಅದು ನೆಲಕ್ಕೆ ಬೀಳುತ್ತದೆ. ನಳಿಗೆಯೊಳಗೆ ಏನಾಯಿತೆಂದು ಅದರ ಸುಟ್ಟ ಗುರುತೇ ಹೇಳುತ್ತದೆ."

ಅಣ್ಣನ ಹೆಣದ ಬಳಿ ಹೆಕ್ಕಿ ಇಟ್ಟುಕೊಂಡಿದ್ದ ಸುಟ್ಟ ಚಿಂದಿಯನ್ನು ಅವಳು ಚಾಚಿದಳು. "ಇದು ಏನು ಹೇಳುತ್ತದೆ?"

ಈರಬೊಮ್ಮ ಅದನ್ನು ಬೆರಳುಗಳ ನಡುವೆ ಹೊಸಕಿ ನೋಡಿದ. ನಡುವೆ ತೂತು ಬಿದ್ದಿತ್ತು. ಮಸಿ ಕೆರೆದಾಗ ಕೇಸರಿ ಬಣ್ಣದ ಎಳೆಯೊಂದು ಕಂಡಿತು. ಅವನು ಚಿಂದಿಯನ್ನು ಬೆಳಕಿಗೆ ಹಿಡಿದ.

"ನಾನು ಕೊಟ್ಟದ್ದು ದಪ್ಪ ಬಟ್ಟೆ. ಇದು ತೆಳು, ಬೆಂಕಿ ಇದನ್ನು ಒಳಗೇ ತಿಂದಿದೆ. ಗುಂಡು ನೆಟ್ಟಗೆ ಹೋಗುವ ಮಾತೇ ಇಲ್ಲ." ಅವನ ದನಿ ಇಳಿಯಿತು. "ಇದನ್ನೂ ನಾನೇ ನೇಯ್ದದ್ದು ಅಮ್ಮಣ್ಣಿ. ಪೇಟಕ್ಕೆಂದು. ನೇಯಿಸಿದವರು ನೀವು."

ಚಿಕ್ಕಪ್ಪನಿಗೆಂದು ಅವಳು ನೇಯಿಸಿದ್ದ ಪೇಟ ಅದು. ಪಕ್ಕದ ಪೀಠದಲ್ಲಿ ಕೂತಿದ್ದ ಅವನತ್ತ ಸಿರಿಯಮ್ಮ ತಿರುಗಿದಳು.

"ಅಂದು ಅಣ್ಣನ ಬಂದೂಕು ತುಂಬಿಕೊಟ್ಟವರು ನೀವಲ್ಲವೇ, ಚಿಕ್ಕಪ್ಪ?"

ಕಾಟಪ್ಪನಾಯಕ ಅಲ್ಲಗಳೆಯಲಿಲ್ಲ. "ದುರ್ಗ ನನ್ನ ಕೈಗೆ ಬರಬೇಕಿತ್ತು. ನಿನ್ನನ್ನು ಮಾತ್ರ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೆ ಮಗಳೇ," ಎಂದ.

ಅವಳು ಕಾವಲಿನವರಿಗೆ ಸನ್ನೆ ಮಾಡಿದಳು. ಕಾವಲಿನವರು ಅವನನ್ನು ಕರೆದೊಯ್ಯುವಾಗ ತಲೆಯೆತ್ತಿ ನೋಡಲಿಲ್ಲ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದಳು. ಏನು ಬೇಕೆಂದು ಈರಬೊಮ್ಮನನ್ನು ಕೇಳಿದಾಗ ಅವನು ಗೆಳೆಯನ ಬಂದೂಕನ್ನು ಬೇಡಿದ. ಬಂದೂಕು ಕೊಟ್ಟಳು, ಆಯುಧಶಾಲೆಯನ್ನೂ ಅವನಿಗೆ ಒಪ್ಪಿಸಿದಳು.

ಮುಂದೆ ಸಿರಿಯಮ್ಮ ದುರ್ಗವನ್ನು ಆಳಿದಳು, ಬೇಟೆಗೂ ಹೋದಳು. ತನ್ನ ಬಂದೂಕನ್ನು ಮಾತ್ರ ತಾನೇ ತುಂಬಿಕೊಳ್ಳುತ್ತಿದ್ದಳು. ಈರಬೊಮ್ಮನ ಕೈಗೂ ಕೊಡಲಿಲ್ಲ. ಅವನೂ ಕೇಳಲಿಲ್ಲ.