ಅಳಿಸಿದ ಹೆಜ್ಜೆ ಹುಡುಕಿದ ಗಾಳಿ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಮರಳುಗಾಡು ಆಗ ಹಾಸಿದ ಚಾಪೆಯಂತೆ ಸಪಾಟಾಗಿತ್ತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಡೇರೆ ಹಾಕಬಹುದಿತ್ತು. ಬೇಡ ಅನ್ನುವವರಿಲ್ಲ, ಬಾಡಿಗೆ ಕೇಳುವವರಿಲ್ಲ. ಜಿಂಕೆಗಳದ್ದು ಮಾತ್ರ ಒಂದು ಷರತ್ತು: ಹೊರಡುವಾಗ ಹೆಜ್ಜೆಗುರುತು ಗುಡಿಸಿ ಹೋಗಬೇಕು. ಮನುಷ್ಯರ ಹೆಜ್ಜೆ ಕಂಡರೆ ಮರಿಗಳು ಹೆದರಿ ನೀರಿಗೇ ಬರುತ್ತಿರಲಿಲ್ಲ.

ಅಲ್ಲಿ ಕೇತಿ ಎಂಬ ಹುಡುಗಿ ಅಜ್ಜಿಯ ಜೊತೆ ಅಲೆಯುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು. ಇಲ್ಲಿ ಡೇರೆ ಹಾಕುವಾಗಲೇ ಅವಳಿಗೆ ಮುಂದಿನ ಜಾಗದ ಚಿಂತೆ.

"ಒಂದು ಗಳಿಗೆ ಕೂತ್ಕೊಳ್ಳೇ," ಎಂದು ಅಜ್ಜಿ ಗೊಣಗುತ್ತಿದ್ದಳು.

ಒಂದು ಬೆಳಿಗ್ಗೆ ಅಜ್ಜಿ ನೀರು ತರಲು ಹೋದಳು. ಕೇತಿಗೆ ತಡೆಯಲಾಗಲಿಲ್ಲ. ಡೇರೆ ಕಿತ್ತಳು. ಮುಳ್ಳಿನ ಕೊಂಬೆ ಹಿಡಿದು ತನ್ನ ಹೆಜ್ಜೆ ಗುಡಿಸಿದಳು. ಅಜ್ಜಿ ಹೋದ ಹೆಜ್ಜೆಯನ್ನೂ ಕಣ್ಣಿಗೆ ಕಂಡಷ್ಟು ದೂರ ಗುಡಿಸಿಬಂದಳು.

ಬಿಸಿಲೇರಿತು. ಅಜ್ಜಿ ಬರಲಿಲ್ಲ.

ಅಜ್ಜಿಗೆ ಕಣ್ಣು ಮಂಜು. ತನ್ನ ಹೆಜ್ಜೆ ನೋಡಿಕೊಂಡೇ ವಾಪಸು ಬರುವವಳು. ಇದು ನೆನಪಾದದ್ದೇ ಕೇತಿ ಕೊಂಬೆ ಬಿಸುಟು ಮರಳಿನ ಮೇಲೆ ಬಗ್ಗಿದಳು.

"ಮರಳೇ, ನಮ್ಮಜ್ಜಿ ಹೆಜ್ಜೆ ಎಲ್ಲಿ?"

"ನೀನೇ ಗುಡಿಸಿದೆಯಲ್ಲ, ನನ್ನನ್ನೇನು ಕೇಳ್ತೀಯ?" ಎಂದಿತು ಮರಳು.

ಕೇತಿ ಅಳುತ್ತಾ ಓಡಲು ಹೊರಟಳು. ಗಾಳಿ ಅಡ್ಡ ಬಂತು.

"ನೀನೂ ಕಳೆದುಹೋದರೆ ಇಬ್ಬರನ್ನು ಹುಡುಕಬೇಕಾಗುತ್ತೆ. ಇಲ್ಲೇ ಇರು. ಹೆಜ್ಜೆ ಮರಳಿನಡಿ ಎಲ್ಲೋ ಇರಬೇಕು, ನಾನು ಹುಡುಕ್ತೀನಿ. ನೀನು ಸಾಕು ಅನ್ನೋವರೆಗೂ ಬಿಡೋದಿಲ್ಲ."

ಗಾಳಿ ಮರಳನ್ನು ಇಲ್ಲಿಂದ ಕೆದಕಿ ಅಲ್ಲಿ ಗುಡ್ಡೆ ಹಾಕಿತು. ಅಲ್ಲೂ ಇಲ್ಲವೆಂದು ಆ ಗುಡ್ಡೆಯನ್ನೂ ಕೆದಕಿತು. ಕೇತಿ ಕುಳಿತಳು, ಎದ್ದಳು, ಮತ್ತೆ ಕುಳಿತಳು. ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹೊತ್ತು ಇಳಿಯುವಾಗ ದೂರದಲ್ಲಿ ಒಂದು ಜಿಂಕೆಮರಿ ಕಂಡಿತು. ಅದರ ಹಿಂದೆ ಅಜ್ಜಿ.

"ಹೆಜ್ಜೆ ಕಾಣಲಿಲ್ಲ ಮಗಾ. ಹೆಜ್ಜೆ ಇಲ್ಲದ್ದಕ್ಕೆ ಈ ಮರಿ ಹೆದರದೆ ನೀರಿಗೆ ಬಂದಿತ್ತು. ಈ ಕಡೆಗೇ ಹೊರಟಿತು, ಅದರ ಬಿಳಿ ಬಾಲ ನೋಡ್ಕೊಂಡು ಬಂದೆ," ಎಂದಳು ಅಜ್ಜಿ.

ಕೇತಿ ಅಜ್ಜಿಯನ್ನು ತಬ್ಬಿ ಅತ್ತಳು, ನಕ್ಕಳು, ನೀರು ಕುಡಿದಳು. ಕಣ್ಣೊರೆಸಿಕೊಂಡವಳೇ ಅಜ್ಜಿಯ ಕೈಹಿಡಿದು ಮುಂದಿನ ಜಾಗಕ್ಕೆ ಹೊರಟೇಬಿಟ್ಟಳು. ಆ ಅವಸರದಲ್ಲಿ ಗಾಳಿಗೆ ಸಾಕು ಅನ್ನುವುದನ್ನೇ ಮರೆತಳು.

ಅದಕ್ಕೇ ಕಂದಾ, ಮರಳುಗಾಡಿನ ದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಎಂದೋ ವಾಪಸು ಬಂದ ಅಜ್ಜಿಯ ಹೆಜ್ಜೆಯನ್ನು ಗಾಳಿ ಪಾಪ ಇನ್ನೂ ಹುಡುಕುತ್ತಲೇ ಇದೆ.