ಓಲೆಯನ್ನೇ ನೋಡದ ಷರತ್ತು

ಹೊಳೆದಂಡೆಯ ಆ ಮಠದಲ್ಲಿ ಒಂಬೈನೂರು ಓಲೆಗರಿ ಕಟ್ಟುಗಳಿದ್ದವು. ಅವುಗಳನ್ನಿಟ್ಟ ಭಂಡಾರದ ಕೀಲಿ ಶಿಷ್ಯ ರೇವಯ್ಯನ ಸೊಂಟದಲ್ಲಿತ್ತು. ಸ್ನಾನ ಮಾಡುವಾಗಲೂ ಅಲ್ಲೇ ಇರುತ್ತಿತ್ತು. ಸಂಶಯಕ್ಕೆ ಮದ್ದಿಲ್ಲ ಎನ್ನುತ್ತಾರೆ. ರೇವಯ್ಯ ಮದ್ದು ಕೊಟ್ಟವರ ಮೇಲೂ ಸಂಶಯಪಡುವವ.

ಒಮ್ಮೆ ಓಲೆಗಳಿಗೆ ಗೆದ್ದಲು ಹತ್ತಿತು.

"ಕಟ್ಟುಗಳನ್ನು ಬಿಚ್ಚಿ ಶುಚಿ ಮಾಡಿ, ಓದಿ ಮತ್ತೆ ಜೋಡಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಶಿಷ್ಯರಲ್ಲಿ ತಕ್ಕವರನ್ನು ಆರಿಸಿ ಒಳಗೆ ಬಿಟ್ಟುಕೋ" ಎಂದರು ಗುರುಗಳು.

ತನ್ನ ಕೀಲಿ ಕಸಿಯುವ ಹೂಟವಿರಬಹುದೇ ಎಂದು ರೇವಯ್ಯನಿಗೆ ಅನ್ನಿಸಿತು. ಆದರೂ ನಲವತ್ತು ಮಂದಿ ಶಿಷ್ಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ವಿಚಾರಿಸಿದ. ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಗೆದ್ದಲು ಇಪ್ಪತ್ತು ಕಟ್ಟು ತಿಂದು ಮುಗಿಸಿತ್ತು.

"ಒಬ್ಬನೂ ಸಿಗಲಿಲ್ಲ, ಗುರುಗಳೇ."

"ಏನು ಷರತ್ತು ಹಾಕಿದ್ದೆ?"

"ಎರಡೇ. ಓಲೆ ಓದಲು ಬರಬೇಕು. ಮನಸ್ಸು ಮಾಡಿದರೂ ಕದಿಯಲಾಗದವನಾಗಿರಬೇಕು."

ಗುರುಗಳು ಭಂಡಾರದ ಕಡೆ ಕೈ ತೋರಿಸಿದರು.

"ನನಗೊಂದು ವೈದ್ಯದ ಓಲೆ ಬೇಕು. ಹುಣ್ಣಿಮೆಯೂ ಅಮಾವಾಸ್ಯೆಯೂ ಒಂದೇ ದಿನ ಬಂದಾಗ ಬರೆದದ್ದು. ಹುಡುಕಿ ತಾ."

ರೇವಯ್ಯ ಕಣ್ಣು ಕಿರಿದು ಮಾಡಿದ. "ಅಂಥದ್ದು ಇಲ್ಲ."

"ಕಟ್ಟು ಬಿಚ್ಚಿ ನೋಡಿದೆಯಾ?"

"ಯಾಕೆ ಬಿಚ್ಚಲಿ? ಅಂಥ ದಿನವೇ ಬರುವುದಿಲ್ಲ. ಎಲ್ಲವನ್ನೂ ಬಿಚ್ಚಿದರೂ ಉತ್ತರ ಅದೇ."

"ಹಾಗಿದ್ದರೆ ನಲವತ್ತು ಮಂದಿಯನ್ನು ಯಾಕೆ ಕೂರಿಸಿದೆ? ಮನಸ್ಸು ಮಾಡಿದರೆ ಯಾರು ತಾನೇ ಕದಿಯಲಾರರು?"

ರೇವಯ್ಯನ ಮುಖ ಕಪ್ಪಿಟ್ಟಿತು. ಗೆದ್ದಲು ತಿಂದ ಇಪ್ಪತ್ತು ಕಟ್ಟುಗಳು ನೆನಪಾದವು.

"ಸರಿ, ಬದಲಿಸುತ್ತೇನೆ. ಎಂದಾದರೂ ಒಂದು ದಿನ ಸಾಯುವವನಾಗಿರಲಿ. ಸಾವಿನ ಭಯಕ್ಕಾದರೂ ನೆಟ್ಟಗಿರುತ್ತಾನೆ."

"ಅದನ್ನು ಯಾರನ್ನೂ ಕೇಳಬೇಡ. ಎಲ್ಲರೂ ದಾಟುವ ಹೊಸ್ತಿಲಿಗೆ ಕಾವಲು ಯಾಕೆ? ಆ ಷರತ್ತನ್ನೇ ತೆಗೆದುಹಾಕು."

"ಹಾಗಾದರೆ ಉಳಿಯುವುದು ಓದು ಒಂದೇ. ಓದು ಬಲ್ಲವರು ಹನ್ನೊಂದು ಜನ ಇದ್ದಾರೆ."

"ಕರೆ ಅವರನ್ನು."

ರೇವಯ್ಯ ಕದಲಲಿಲ್ಲ. ಅವನ ಕೈ ಕೀಲಿಯ ಮೇಲೇ ಇತ್ತು. ಅವನಿಗೆ ನಿಜಕ್ಕೂ ಭಯವಾಗಿತ್ತು.

"ಅವರಲ್ಲಿ ಒಬ್ಬ ಕದ್ದರೆ?"

"ಮನಸ್ಸು ಮಾಡಿದರೆ ನೀನು ಕದಿಯಲಾರೆಯಾ?"

ರೇವಯ್ಯ ಕೀಲಿಯ ಮೇಲಿನ ಕೈ ತೆಗೆದ.

"ಕದಿಯಬಲ್ಲೆ" ಎಂದ ಕೊನೆಗೆ.

"ಹದಿನಾಲ್ಕು ವರ್ಷದ ಹಿಂದೆಯೂ ನನಗದು ಗೊತ್ತಿತ್ತು" ಎಂದರು ಗುರುಗಳು. "ಆದರೂ ನಿನಗೆ ಕೀಲಿ ಕೊಡುವಾಗ, ಓದಲು ಬರುತ್ತದೆಯೇ ಎಂದಷ್ಟೇ ಕೇಳಿದೆ."