ನಾಲ್ಕನೆಯ ಚಕ್ರ

ಫಲ್ಗುಣಿ ನದಿಯ ದಂಡೆಯಲ್ಲಿ ಸಂಕಪ್ಪ ಎಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದದ್ದು ವೇದಾಂತವಲ್ಲ, ಕಾರು ಬಿಡುವುದು.

ಪ್ರಾಯದಲ್ಲಿ ರ‍್ಯಾಲಿಗಳಲ್ಲಿ ಓಡಿಸಿ, ಗೆದ್ದು, ಮಗುಚಿ ಬಿದ್ದು, ಕೊನೆಗೆ ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಶೆಡ್ಡೊಂದರಲ್ಲಿ ಬಂದು ಕೂತಿದ್ದರು. ಅಲ್ಲಿ ಊಟ ಹೊತ್ತಿಗೆ ಸರಿಯಾಗಿ, ಮಲಗುವುದು ಚಾಪೆಯ ಮೇಲೆ, ಫೋನು ಬಾಗಿಲಿನ ಹೊರಗೆ. ಊರಿನವರು ತಮಾಷೆಗೆ ಅದನ್ನು ಆಶ್ರಮ ಅಂದರು. ತಮಾಷೆ ಹಳೆಯದಾಗಿ ಹೆಸರು ಮಾತ್ರ ಉಳಿಯಿತು.

ಶಿಷ್ಯರಲ್ಲಿ ಧರಣೇಂದ್ರನ ಕೈ ಎಲ್ಲರಿಗಿಂತ ಚುರುಕು. ಅದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಅವನು ಬಹಳ ವರ್ಷ ಕಾದು ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿದ್ದ. ನೆಲಕ್ಕೆ ಅಂಟಿಕೊಂಡಂತಿದ್ದ, ಸ್ಟಾರ್ಟ್ ಮಾಡಿದರೆ ಎದೆ ಝಲ್ಲೆನಿಸುವ ಕಾರು. ಇಂಜಿನ್ ಗಟ್ಟಿಮುಟ್ಟಾಗಿತ್ತು. ಆದರೆ ಹಿಂದಿನ ಯಜಮಾನ ಅದನ್ನು ಕಂಡ ಕಂಡ ಹೊಂಡದಲ್ಲಿ ಕುಣಿಸಿ ಚಕ್ರಗಳನ್ನೆಲ್ಲ ಸೊಟ್ಟ ಮಾಡಿಟ್ಟಿದ್ದ.

ಭಾನುವಾರ ರ‍್ಯಾಲಿ. ಗುರುಗಳ ಅಪ್ಪಣೆ ಸಿಕ್ಕಿದರೆ ಧರಣೇಂದ್ರ ಸ್ವಂತ ಕಾರಿನಲ್ಲಿ ಮೊದಲ ಸಲ ಇಳಿಯುವವನು. ಎಡಗಡೆಯ ಸೀಟಿನಲ್ಲಿ ಕೂತು ಮುಂದಿನ ತಿರುವುಗಳನ್ನು ಕೂಗಿ ಹೇಳುವವನು ಅವನ ಗೆಳೆಯ ವಲೇರಿಯನ್. ಅವನೂ ಅದೇ ಆಶ್ರಮದ ಶಿಷ್ಯ.

ಶನಿವಾರ ಬೆಳಿಗ್ಗೆ ಧರಣೇಂದ್ರ ಬಂದರಿನ ಕಡೆಯ ಗುಜರಿ ಅಂಗಡಿಯಿಂದ ನಾಲ್ಕು ನಾಲ್ಕರ ಎರಡು ಸೆಟ್ ಅಲಾಯ್ ಚಕ್ರ ತಂದ. ಬೇಡದ ಸೆಟ್ಟನ್ನು ವಾಪಸು ಕೊಡುವ ಮಾತಾಗಿತ್ತು. ಒಂದು ಸೆಟ್ ಕಾರಿನ ಮೂಲ ಚಕ್ರಗಳ ತರದ್ದೇ. ಕಪ್ಪು, ಭಾರ, ನೋಡಲು ಸಪ್ಪೆ. ಇನ್ನೊಂದು ಬಂಗಾರದ ಬಣ್ಣದ್ದು. ತೆಳ್ಳಗಿನ ಕಡ್ಡಿಗಳು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ.

ಗುರುಗಳು ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು.

"ಗುರುಗಳೇ, ಯಾವುದು ಹಾಕುವುದು?"

"ನಿನಗೆ ಯಾವುದು ಬೇಕು?"

"ಬಂಗಾರದ್ದು. ಹಗುರ ಉಂಟು. ಕಾರು ಬೇಗ ತಿರುಗ್ತದೆ, ಬೇಗ ನಿಲ್ತದೆ."

"ಮತ್ತೆ ನನ್ನನ್ನು ಕೇಳುವುದು ಎಂತಕ್ಕೆ?"

"ನೀವು ಹೂಂ ಅಂದ್ರೆ ಒಂದು ಧೈರ್ಯ."

"ನನ್ನ ಹತ್ತಿರ ಈಗ ಇರುವುದು ಹಲಸಿನ ಬೀಜ ಮಾತ್ರ ಮಾರಾಯ. ಬಡಿದು ನೋಡು. ಬಡಿದು, ಹಾಕು. ಮತ್ತೆ ನಾನು ಬಂದು ಕೂರ್ತೇನೆ."

ಹಳೆಯ ಚಕ್ರ ಯಾವುದೇ ಬರಲಿ, ಆಶ್ರಮದಲ್ಲಿ ಅದಕ್ಕೊಂದು ಕ್ರಮವಿತ್ತು. ಟೈರು ಹಾಕುವ ಮೊದಲು ಬರಿಯ ಚಕ್ರವನ್ನು ಹಗ್ಗದಲ್ಲಿ ನೇತುಹಾಕಿ ಮರದ ಕೊಡತಿಯಿಂದ ಮೆಲ್ಲಗೆ ಬಡಿಯಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿ ಚಕ್ರ ನಾದ ಕೊಡುತ್ತದೆ, ಬಿರುಕಿನ ಚಕ್ರ ಕೊಡುವುದಿಲ್ಲ.

ಆಮೇಲೆ ಆರಿಸಿದವನೇ ಕಾರು ಬಿಡಬೇಕು, ಗುರುಗಳು ಎಡಗಡೆ ಕೂರುತ್ತಾರೆ. ಶೆಡ್ಡಿನ ಹಿಂದಿನ ಗುಡ್ಡದಲ್ಲಿ ಹಳೆಯ ಕೆಂಪುಕಲ್ಲಿನ ಕೋರೆಗೆ ಹೋಗುವ ಡಾಂಬರು ರಸ್ತೆಯಿತ್ತು. ಈಗ ಅಲ್ಲಿ ಯಾರೂ ಓಡಾಡುವುದಿಲ್ಲ. ತುದಿಗೆ ಹತ್ತಿ, ನಾಳೆ ಹೇಗೆ ಬಿಡುತ್ತಾನೋ ಹಾಗೆಯೇ ಇಳಿಸಬೇಕು. ಗುರುಗಳು ಬಗ್ಗಿ ಚಕ್ರ ನೋಡಿದ್ದನ್ನು ಯಾರೂ ಕಂಡಿಲ್ಲ. ಸುಮ್ಮನೆ ಬಂದು ಕೂರುತ್ತಿದ್ದರು, ಅಷ್ಟೇ.

ಧರಣೇಂದ್ರ ಹಿತ್ತಲಿನ ಮರದ ಕೊಂಬೆಗೆ ಹಗ್ಗ ಕಟ್ಟಿದ.

ಮೊದಲನೆಯ ಬಂಗಾರದ ಚಕ್ರ ನಾದ ಕೊಟ್ಟಿತು. ಎರಡನೆಯದೂ ಕೊಟ್ಟಿತು. ಮೂರನೆಯದರ ಸದ್ದು ಎಷ್ಟು ಹೊತ್ತು ನಿಂತಿತೆಂದರೆ ಅವನಿಗೆ ನಗು ಬಂತು.

ನಾಲ್ಕನೆಯದು ಟಕ್ ಎಂದು ಸುಮ್ಮನಾಯಿತು.

ಧರಣೇಂದ್ರ ಸುತ್ತ ನೋಡಿದ. ಯಾರೂ ಇರಲಿಲ್ಲ.

ಹಗ್ಗ ಒದ್ದೆಯಾಗಿರಬೇಕು ಅಂದುಕೊಂಡ. ಮುಟ್ಟಿ ನೋಡಿದ, ಒಣಗಿತ್ತು. ಗಾಳಿಗೆ ಹಾಗಾಯಿತೇನೋ ಅಂದುಕೊಂಡ. ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ. ಚಕ್ರದ ಒಳಗಡೆ ಒಂದು ಕಡೆ ಬಣ್ಣ ಸ್ವಲ್ಪ ದಪ್ಪಗಿತ್ತು. ಅದರಡಿಯಲ್ಲಿ ಬೆಸುಗೆ ಇರಬಹುದು. ಬರಿಯ ಬಣ್ಣವೂ ಇರಬಹುದು.

ಇನ್ನೊಮ್ಮೆ ಬಡಿಯಲು ಕೊಡತಿ ಎತ್ತಿದ. ಎತ್ತಿದ ಕೈಯನ್ನು ಹಾಗೆಯೇ ಇಳಿಸಿದ.

ಆಮೇಲೆ ಅವನ ಕೆಲಸ ಬಹಳ ಬೇಗ ಬೇಗ ಆಯಿತು. ಶೆಡ್ಡಿನ ಹಳೆಯ ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು ಆ ನಾಲ್ಕನೆಯ ಚಕ್ರಕ್ಕೇ ಟೈರು ಏರಿಸಿದ. ಟೈರು ಏರಿದ ಮೇಲೆ ಯಾವ ಚಕ್ರವನ್ನು ಬಡಿದರೂ ಏನೂ ತಿಳಿಯುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾರಿಗೆ ಹಾಕುವಾಗ ಮಾತ್ರ ಆ ಚಕ್ರವನ್ನು ಹಿಡಿದು ತುಸು ಹೊತ್ತು ನಿಂತ. ಬಲಗಡೆ ಮುಂದಿನದು ತನ್ನ ಕಾಲ ಬಳಿಯದು. ಅವನು ಸುತ್ತಿ ಹೋಗಿ ಎಡಗಡೆ ಮುಂದೆ ಹಾಕಿದ. ನಟ್ಟುಗಳನ್ನು ಬಿಗಿ ಮಾಡಿದ.

ಅಷ್ಟರಲ್ಲಿ ವಲೇರಿಯನ್ ಸ್ಕೂಟರಿನಲ್ಲಿ ಬಂದ.

"ಎಂತ ಮಾರಾಯ, ಮದುಮಗನ ಹಾಗೆ ಕಾಣ್ತದಲ್ಲ ನಿನ್ನ ಕಾರು!"

"ಹೂಂ."

"ಎಲ್ಲ ಬಡಿದು ನೋಡಿದೆಯಾ?"

"ನೋಡಿದೆ."

ಅದು ಸುಳ್ಳಲ್ಲ. ಸುಳ್ಳಲ್ಲ, ಸುಳ್ಳಲ್ಲ ಎಂದು ಧರಣೇಂದ್ರ ಒಳಗೊಳಗೇ ಹೇಳಿಕೊಂಡ. ವಲೇರಿಯನ್ ಮತ್ತೇನೂ ಕೇಳದೆ ಎಡಗಡೆಯ ಸೀಟಿನಲ್ಲಿ ಕೂತು ನೋಡಿ, ಕಾಲು ಚಾಚಿ, "ಲಾಯ್ಕ್ ಉಂಟು" ಅಂದ. ಆಮೇಲೆ ಶೆಡ್ಡಿನ ಮುಂದೆ ಸ್ಕೂಟರು ತೊಳೆಯಲು ಹೋದ.

ಗುರುಗಳು ಕೈ ತೊಳೆದು, ಬೈರಾಸಿನಲ್ಲಿ ಒರೆಸಿ, ಅದನ್ನು ಹೆಗಲಿಗೆ ಹಾಕಿಕೊಂಡು ಬಂದರು. ಚಕ್ರಗಳ ಕಡೆ ನೋಡಲಿಲ್ಲ. ಎಡಗಡೆ ಕೂತು ಬೆಲ್ಟ್ ಹಾಕಿಕೊಂಡರು.

"ಹೋಗುವ."

ಗುಡ್ಡ ಹತ್ತಿದರು. ತುದಿಯಲ್ಲಿ ಕಾರು ತಿರುಗಿಸಿದಾಗ ಕೆಳಗೆ ನದಿ ಕಾಣಿಸಿತು. ನದಿಗೂ ಅವರಿಗೂ ನಡುವೆ, ರಸ್ತೆಯ ಎಡಕ್ಕೆ, ಕಲ್ಲು ಕಡಿದು ಬಿಟ್ಟ ಕೋರೆ ಬಾಯಿ ತೆರೆದುಕೊಂಡಿತ್ತು. ತಳದಲ್ಲಿ ಹಸಿರು ನೀರು ನಿಂತಿತ್ತು.

"ಇಳಿಸು," ಅಂದರು ಗುರುಗಳು.

ಧರಣೇಂದ್ರ ಇಳಿಸಿದ. ಮೊದಲ ತಿರುವು ಎಡಕ್ಕೆ. ಕಾರು ಹೂವಿನ ಹಾಗೆ ತಿರುಗಿತು.

"ನಾಳೆ ಹೀಗೇ ಹೋಗುವುದಾ?"

"ಇಲ್ಲ ಗುರುಗಳೇ."

"ನಾಳೆ ಹೇಗೆ ಹೋಗ್ತೀಯೋ ಹಾಗೆ ಹೋಗು."

ಅವನು ಕಾಲು ಒತ್ತಿದ. ಮುಂದಿನ ತಿರುವು ಬಲಕ್ಕೆ. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಹೋಗಿ ಕೂರುವುದು ಎಡಗಡೆ ಮುಂದಿನ ಚಕ್ರದ ಮೇಲೆ. ತಿರುವು ಬರುವ ಮೊದಲೇ ಅವನ ಕಾಲು ತಾನಾಗಿ ಮೇಲೆ ಬಂತು.

"ಟೈರು ಹೊಸತು, ಸ್ವಲ್ಪ ಪಳಗಬೇಕು," ಅಂದ.

ಮತ್ತೊಂದು ಬಲ ತಿರುವು. ಮತ್ತೆ ಕಾಲು ಮೇಲೆ ಬಂತು.

"ಬ್ರೇಕು ಬಿಸಿಯಾಗಲಿಲ್ಲ ಇನ್ನೂ."

"ಹೌದಾ?"

ಇನ್ನೊಂದು.

"ರಸ್ತೆಯಲ್ಲಿ ಜಲ್ಲಿ ಉಂಟು ಗುರುಗಳೇ."

"ಎಲ್ಲಿ?"

ರಸ್ತೆ ಗುಡಿಸಿಟ್ಟಂತೆ ಇತ್ತು. ಒಂದೊಂದು ಸಣ್ಣ ಸದ್ದೂ ಧರಣೇಂದ್ರನಿಗೆ ಆ ಚಕ್ರದಿಂದಲೇ ಬಂದ ಹಾಗೆ ಕೇಳಿಸುತ್ತಿತ್ತು. ಇಷ್ಟು ಭಯ ಅವನಿಗೆ ಯಾವ ರ‍್ಯಾಲಿಯಲ್ಲೂ ಆಗಿರಲಿಲ್ಲ.

ಮುಂದೆ ಕೋರೆಯ ಅಂಚಿನ ದೊಡ್ಡ ತಿರುವು. ಅದೂ ಬಲಕ್ಕೆ. ಎಡಕ್ಕೆ ತಡೆಗೋಡೆಯಿಲ್ಲ, ಮೊಣಕಾಲೆತ್ತರದ ಹುಲ್ಲು, ಅದರಾಚೆ ಗುಂಡಿ.

"ಇಲ್ಲಿ ಕಾಲು ಎತ್ತಬೇಡ," ಅಂದರು ಗುರುಗಳು. "ಇದೊಂದರಲ್ಲಾದರೂ ಪೂರ್ತಿ ಹೋಗು."

"ಆಯ್ತು."

ಇಂಜಿನ್ ಗರ್ಜಿಸಿತು. ಮುಂದಿನ ರಸ್ತೆ ಕಾರಿನ ಮೈಮೇಲೆಯೇ ಬಂತು. ಧರಣೇಂದ್ರ ಕಣ್ಣಂಚಿನಲ್ಲಿ ಎಡಕ್ಕೆ ನೋಡಿದ. ಗುರುಗಳು ಬಾಗಿಲು ಹಿಡಿದಿರಲಿಲ್ಲ, ಕಾಲು ಊರಿ ಕೂತಿರಲಿಲ್ಲ. ಸುಕ್ಕು ಬಿದ್ದ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು, ಮನೆಯ ಹುಡುಗನ ಜೊತೆ ಪೇಟೆಗೆ ಹೊರಟವರ ಹಾಗೆ.

ಅವನು ಬ್ರೇಕು ತುಳಿದ.

ಟೈರುಗಳು ಚೀರಿದವು. ಕಾರು ಅಡ್ಡಡ್ಡ ಎಳೆದುಕೊಂಡು ಹೋಗಿ, ತಿರುವಿಗೆ ತುಸು ಮೊದಲು ನಿಂತಿತು. ಸುಟ್ಟ ರಬ್ಬರಿನ ವಾಸನೆ ಒಳಗೆ ತುಂಬಿತು.

"ಎಂತ ಆಯಿತು?" ಕೇಳಿದರು ಗುರುಗಳು.

ಧರಣೇಂದ್ರ ಇಂಜಿನ್ ಆಫ್ ಮಾಡಿದ.

"ನಾಲ್ಕನೆಯ ಚಕ್ರ ಸರಿಯಾಗಿ ಸದ್ದು ಕೊಡಲಿಲ್ಲ ಗುರುಗಳೇ."

"ಇನ್ನೊಮ್ಮೆ ಬಡಿದೆಯಾ?"

"ಇಲ್ಲ."

"ಯಾಕೆ?"

"ಮತ್ತೆ ಹಾಗೇ ಬಂದರೆ ಅಂತ ಹೆದರಿಕೆ ಆಯಿತು."

"ಆ ಚಕ್ರ ಎಲ್ಲಿ ಹಾಕಿದ್ದೀ?"

"ನಿಮ್ಮ ಕಾಲ ಹತ್ತಿರ."

ಗುರುಗಳು ಬೆಲ್ಟ್ ಬಿಚ್ಚಿ ಇಳಿದರು. ಆಗಲೂ ಚಕ್ರ ನೋಡಲಿಲ್ಲ. ಹೋಗಿ ದಾರಿಬದಿಯ ಕೆಂಪುಕಲ್ಲಿನ ಮೇಲೆ ಕೂತು ಬೈರಾಸಿನಿಂದ ಮುಖ ಒರೆಸಿಕೊಂಡರು.

ಧರಣೇಂದ್ರ ಮೊಣಕಾಲೂರಿ ಚಕ್ರದ ಕಡ್ಡಿಗಳ ನಡುವೆ ಕೈ ಹಾಕಿ ತಡವಿದ. ಬಿಸಿಗೆ ಕೈ ಚುರ್ ಅಂದಿತು.

"ಬಿರುಕು ಏನೂ ಸಿಗುವುದಿಲ್ಲ," ಅಂದ.

"ಇಲ್ಲದಿರಬಹುದು."

"ನಿಮಗೆ ಮೊದಲೇ ಗೊತ್ತಿತ್ತಾ ಗುರುಗಳೇ?"

"ನನಗೆ ಹೇಗೆ ಗೊತ್ತಾಗಬೇಕು? ನಾನು ಬೀಜ ಸುಲಿತಾ ಇದ್ದೆ."

"ಗೊತ್ತಿಲ್ಲದೆ ಬಂದು ಕೂತಿರಾ?"

"ಕೂರುವವನಿಗೆ ಯಾವಾಗ ಗೊತ್ತಿರ್ತದೆ? ಬಿಡುವವನಿಗೆ ಗೊತ್ತಿರ್ತದೆ, ಅಷ್ಟೇ."

ಗುರುಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಧರಣೇಂದ್ರನ ಎದೆಯ ಭಾರ ಇಳಿದ ಹಾಗಾಯಿತು. ಇಷ್ಟಾದರೂ ಬಾಯಿ ಬಿಟ್ಟು ಹೇಳಿದೆನಲ್ಲ ಎಂದು ಅವನಿಗೆ ತನ್ನ ಮೇಲೆ ಸ್ವಲ್ಪ ಅಭಿಮಾನವೂ ಬಂತು.

"ಆದರೂ ನಿಲ್ಲಿಸಿದೆನಲ್ಲ ಗುರುಗಳೇ," ಅಂದ.

"ನಿಲ್ಲಿಸಿದೆ. ನಾನಿದ್ದೆ, ನಿಲ್ಲಿಸಿದೆ."

"ಹೌದು."

"ನಾಳೆ ಆ ಸೀಟಿನಲ್ಲಿ ಕೂರುವವನು ಯಾರು?"

ಕೆಳಗೆ ಶೆಡ್ಡಿನ ಅಂಗಳದಲ್ಲಿ ವಲೇರಿಯನ್ ಕಾಣಿಸುತ್ತಿದ್ದ. ಟೈರು ಚೀರಿದ್ದು ಅವನಿಗೂ ಕೇಳಿಸಿರಬೇಕು. ಸ್ಕೂಟರು ಬಿಟ್ಟು ಗುಡ್ಡದ ಕಡೆ ನೋಡುತ್ತಾ ನಿಂತಿದ್ದ. ಇವರು ಕಂಡದ್ದೇ ಎರಡೂ ಕೈ ಎತ್ತಿ ಬೀಸಿದ.

"ವಲೇರಿಯನ್," ಅಂದ ಧರಣೇಂದ್ರ.

"ಅವನು ಕೂತಿದ್ದರೆ ನಿಲ್ಲಿಸ್ತಿದ್ದೆಯಾ?"

ಹೌದು ಎನ್ನಬೇಕೆಂದು ಅವನಿಗೆ ಬಹಳ ಆಸೆಯಾಯಿತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ನಾಳೆಯ ಜನ, ಗಡಿಯಾರ, ಮುಂದೆ ಓಡುವ ಕಾರು, ಎಲ್ಲವೂ ಕಣ್ಣ ಮುಂದೆ ಬಂದವು. ಅದರ ನಡುವೆ ತನ್ನ ಕಾಲು ಎಲ್ಲಿರುತ್ತಿತ್ತೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು.

"ಇಲ್ಲ," ಅಂದ.

ಅಂದವನೇ ರಸ್ತೆಯ ಮೇಲೆ ಕುಸಿದು ಕೂತ. ಅವನಿಗೆ ಅಳು ಬಂತು. ನಾಚಿಕೆಯೂ ಆಯಿತು, ತನ್ನನ್ನು ಕಂಡು ಹೆದರಿಕೆಯೂ ಆಯಿತು. ಗುರುಗಳು ಅವನನ್ನು ಅಳಲು ಬಿಟ್ಟು ಕೋರೆಯ ನೀರಿನ ಕಡೆ ನೋಡುತ್ತಾ ಕೂತರು.

ಕೊನೆಗೆ ಅವನು ಮುಖ ಒರೆಸಿಕೊಂಡು ಎದ್ದ.

"ಕಪ್ಪು ಚಕ್ರ ಶೆಡ್ಡಿನಲ್ಲೇ ಉಂಟು. ಎಲ್ಲ ಬಡಿದು, ಎರಡೆರಡು ಸಲ ಬಡಿದು, ಅದನ್ನೇ ಹಾಕ್ತೇನೆ ಗುರುಗಳೇ. ಬಣ್ಣ ಹಿಡಿಸಲಿಲ್ಲ ಅಂತ ವಲೇರಿಯನ್‌ಗೆ ಹೇಳಿದರಾಯಿತು. ಅವನಿಗೆ ಗೊತ್ತೇ ಆಗುವುದಿಲ್ಲ."

ಗುರುಗಳು ಎದ್ದು ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಚಕ್ರ ಆಮೇಲೆ ಬದಲಾಯಿಸುವ. ಮೊದಲು ನಡೆದುಕೊಂಡು ಕೆಳಗೆ ಹೋಗು, ಆ ನಾಲ್ಕನೆಯದನ್ನು ಎಡಗಡೆಗೇ ಯಾಕೆ ಹಾಕಿದೆ ಅಂತ ಅವನಿಗೆ ಹೇಳು; ಅದು ಕೇಳಿದ ಮೇಲೂ ಅವನು ಬಂದು ನಿನ್ನ ಪಕ್ಕ ಕೂತರೆ, ನಾಳೆ ಕಾರು ಬಿಡು."